ಪರರ ಕೃತಿ, ನಮ್ಮ ರಂಗ



ವಾರ್ಷಿಕೋತ್ಸವ ಬಂತೆಂದರೆ ಈ ಚೆನ್ನೈ ನಗರದಲ್ಲಿ ನಾವು ಯಾರದೋ ನಾಟಕ ಆಡುತ್ತೇವೆ, ಯಾರದೋ ಬರಹ ಓದುತ್ತೇವೆ. ಬರೆದವರನ್ನು ಕೇಳಿದೆವೇ? ಹೆಸರನ್ನಾದರೂ ಹೇಳಿದೆವೇ?

ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು ಬ್ಯಾಲೆಗಳನ್ನು ರಚಿಸಿದರು. 1997ರಲ್ಲಿ ಅವರು ತೀರಿಕೊಂಡರು. 2001ರಲ್ಲಿ ಮಣಿಪಾಲದ ಶಿಕ್ಷಣ ಅಕಾಡೆಮಿಯವರು ದೆಹಲಿಯಲ್ಲಿ 'ಅಭಿಮನ್ಯು ವಧೆ' ಆಡಿಸಿದಾಗ, ಉಯಿಲಿನಿಂದ ಹಕ್ಕು ಪಡೆದವರು ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ಸುಪ್ರೀಂ ಕೋರ್ಟು ಆ ಹಕ್ಕನ್ನು ಎತ್ತಿಹಿಡಿಯಿತು. ಹವ್ಯಾಸಿ ಸಂಘವು ಪ್ರೇಕ್ಷಕರಿಂದ ಹಣ ಪಡೆಯದೆ ಆಡಿದರೆ ತಡೆಯಿಲ್ಲವೆಂದೂ ಹೇಳಿತು.

1957ರ ಗ್ರಂಥಸ್ವಾಮ್ಯ ಕಾಯಿದೆಯಲ್ಲಿಯೇ ಈ ರಿಯಾಯಿತಿ ಇದೆ. ಆದರೆ ಟಿಕೆಟ್ಟು ಮಾರಿ ಆಡುವುದಾದರೆ ಮೊದಲು ಅನುಮತಿ ಪಡೆಯಬೇಕು. ಅಚ್ಚು ಹಾಕಿಸಿ ಪುಕ್ಕಟೆ ಹಂಚಿದರೂ ಈ ರಿಯಾಯಿತಿ ಸಲ್ಲದು. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಪುರಾಣದ ಕಥೆ ಎಲ್ಲರದು. ಅದನ್ನು ಹೊಸದಾಗಿ ಬರೆದ ಮಾತು ಬರೆದವರದು.

ತಿಂಗಳೆಲ್ಲ ಒಲೆಯ ಮುಂದೆ, ಮಗ್ಗದ ಮುಂದೆ ದುಡಿದವನ ಕೂಲಿ ಹಿಡಿದರೆ ನಾವು ಸುಮ್ಮನಿರುತ್ತೇವೆಯೇ? ಬರೆದವನದೂ ದುಡಿಮೆಯೇ. ಕೇಳಬೇಕಾದಲ್ಲಿ ಕೇಳಿ ಆಡೋಣ. ಕೇಳಬೇಕಿಲ್ಲದಲ್ಲಿಯೂ ಹೆಸರು ಹೇಳಿ ಆಡೋಣ.