ಹೊಳೆಯಾಚೆಯ ಮೂರು ಊರುಗಳು

ಬೇಸಗೆಯ ರಜ ಹತ್ತಿರವಾದಂತೆ ಉಪಾಧ್ಯಾಯರ ಮನೆಗಳಲ್ಲಿ ಪ್ರವಾಸದ ಮಾತು ಹುಟ್ಟುವುದು ಸಹಜ. ಹಣದ ಮಾತೂ ಅದರ ಹಿಂದೆಯೇ ಹುಟ್ಟುವುದರಿಂದ ಬಹುಮಟ್ಟಿಗೆ ಈ ಪ್ರವಾಸಗಳು ಊಟದ ಮನೆಯಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತವೆ. ಹೋದ ಬೇಸಗೆಯಲ್ಲಿ ನಮ್ಮ ಮನೆಯಲ್ಲಿ ಎದ್ದ ಮಾತು ಹಾಲೆಂಡಿನದು. ಅದಕ್ಕೆ ಕಾರಣನು ನಾನೇ. ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳತಕ್ಕವನಿಗೆ ತಾನು ಕಾಣದ ದೇಶಗಳ ವಿಷಯವಾಗಿ ಧಾರಾಳವಾಗಿ ಮಾತನಾಡುವ ಅಭ್ಯಾಸ ಬಂದುಬಿಡುತ್ತದೆ. ಆಮ್‌ಸ್ಟರ್‌ಡಾಮಿನ ಕಾಲುವೆಗಳು, ಲೈಡನ್ನಿನ ವಿಶ್ವವಿದ್ಯಾನಿಲಯ, ಗಾಳಿಯ ಗಿರಣಿಗಳು, ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದ್ದೂ ಮುಳುಗದೆ ಉಳಿದಿರುವ ದೇಶದ ಕಾಲುಭಾಗದಷ್ಟು ನೆಲ, ಇವನ್ನೆಲ್ಲ ನಾನು ಮಕ್ಕಳಿಗೆ ಕಣ್ಣಾರೆ ಕಂಡವನಂತೆ ವರ್ಣಿಸಿದ್ದೆ. ಪ್ರೌಢಶಾಲೆಯಲ್ಲಿ ಓದುವ ಮಗಳು ಭೂಪಟವನ್ನು ಗೋಡೆಗೆ ಅಂಟಿಸಿದಳು. ಹನ್ನೊಂದು ವರ್ಷದ ಮಗ ಕಟ್ಟೆಯ ಬಿರುಕಿಗೆ ಬೆರಳಿಟ್ಟು ಊರನ್ನು ಉಳಿಸಿದ ಡಚ್ ಹುಡುಗನ ಮನೆ ಯಾವ ಊರಿನಲ್ಲಿದೆಯೆಂದು ಕೇಳತೊಡಗಿದನು.

ಲೆಕ್ಕ ಹಾಕಿ ನೋಡಿದಾಗ ಸಂಗತಿ ಬೇರೆಯಾಯಿತು. ವಿಮಾನದ ಖರ್ಚೊಂದೇ ನಮ್ಮ ಶಕ್ತಿಯನ್ನು ಮೀರಿತ್ತು. ಅಲ್ಲದೆ ಕ್ಯೂಕನ್‌ಹಾಫ್ ಎಂಬ ಪ್ರಸಿದ್ಧವಾದ ಟ್ಯೂಲಿಪ್ ತೋಟವು ಮೇ ತಿಂಗಳ ಮಧ್ಯಭಾಗಕ್ಕೆ ಬಾಗಿಲು ಹಾಕುತ್ತದೆ. ನಮ್ಮ ಉತ್ತರಪತ್ರಿಕೆಗಳ ಕಟ್ಟುಗಳು ಮುಗಿಯುವುದೂ ಆಗಲೇ. ಮನೆಯಲ್ಲಿ ಮೌನ ಕವಿದಿರುವಾಗ, ಎಪ್ಪತ್ತು ದಾಟಿದ ನಮ್ಮ ತಾಯಿಯವರು ಮೂಲೆಯಿಂದ ಹೇಳಿದರು: “ಎಲ್ಲಿಗಾದರೂ ಹೋಗಲೇಬೇಕು ಎಂದಿದ್ದರೆ ನನ್ನನ್ನು ಬ್ಯಾಡಗಿಗೆ ಕರೆದುಕೊಂಡು ಹೋಗಪ್ಪ. ನೋಡಿ ಮೂವತ್ತು ವರ್ಷವಾಯಿತು.” ಮಕ್ಕಳ ಮುಖ ಬಾಡಿತು. ನನ್ನ ಮುಖವೂ ಸ್ವಲ್ಪ ಬಾಡಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಮೇ ತಿಂಗಳ ಮೂರನೆಯ ವಾರದಲ್ಲಿ ಐವರೂ ರೈಲು ಹತ್ತಿದೆವು.

ಹರಿಹರ ದಾಟಿದೊಡನೆ ತುಂಗಭದ್ರೆ ಬರುತ್ತದೆ. ಮೈಸೂರಿನವರಿಗೆ ಈ ನದಿ ಬಹುಕಾಲ ಬರಿಯ ನದಿಯಾಗಿರಲಿಲ್ಲ, ಸರಹದ್ದೂ ಆಗಿತ್ತು. ಹರಿಹರದ ದಡ ಮಹಾರಾಜರದು. ಎದುರು ದಡದ ರಾಣೇಬೆನ್ನೂರು, ಬ್ಯಾಡಗಿ, ಹಾವೇರಿಗಳು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದುವು. ಒಂದೇ ನುಡಿಯನ್ನಾಡುವ ಎರಡು ದಡಗಳೂ ಒಂದು ರಾಜ್ಯವಾದುದು 1956ರ ನವೆಂಬರ್ 1ರಂದು. ನಮ್ಮ ತಾಯಿಯವರು ಹುಟ್ಟಿದ್ದು ಅದಕ್ಕೆ ಮೂರು ವರ್ಷ ಮೊದಲು. ಅವರು ಮದುವೆಯಾಗಿ ಮೈಸೂರಿಗೆ ಬಂದದ್ದು 1973ರಲ್ಲಿ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದೂ ಅದೇ ವರ್ಷ. ನಮ್ಮ ತಂದೆಯವರು ಉದ್ಯೋಗದ ನಿಮಿತ್ತ ಎರಡು ವರ್ಷ ಹಾವೇರಿಯಲ್ಲಿದ್ದರು. ಹೀಗೆ ಈ ಸಂಬಂಧ ಕೂಡಿಬಂದಿತ್ತು.

ಸೇತುವೆಯ ಮೇಲೆ ಗಾಡಿಯ ಸದ್ದು ಬದಲಾಯಿತು. ಕೆಳಗೆ ಬೇಸಗೆಯ ಹೊಳೆ. ಬಂಡೆಗಳ ನಡುವೆ ಅಲ್ಲಲ್ಲಿ ನೀರು. ತಾಯಿಯವರು ಕಿಟಕಿಗೆ ಮುಖವಿಟ್ಟು, ಯಾರನ್ನೂ ನೋಡದೆ, “ಹೊಳಿ ಬಂತು” ಎಂದರು. ‘ಹೊಳೆ’ ಎನ್ನಲಿಲ್ಲ, ‘ಹೊಳಿ’ ಎಂದರು. ಮಗಳು ನನ್ನ ಕಡೆಗೆ ತಿರುಗಿ ನೋಡಿದಳು. ಅವಳು ತನ್ನ ಅಜ್ಜಿಯ ಬಾಯಿಂದ ಅಂಥ ಶಬ್ದವನ್ನು ಕೇಳಿದ್ದು ಅದೇ ಮೊದಲು. ಅದೇಕೆ ಹಾಗೆಂಬುದನ್ನು ಬ್ಯಾಡಗಿಗೆ ಬಂದಾಗ ಹೇಳುತ್ತೇನೆ.

ರಾಣೇಬೆನ್ನೂರಿನಲ್ಲಿ ಎರಡು ದಿನ ಇದ್ದೆವು. ಇದು ಬೀಜದ ಊರು. ಪೇಟೆಯ ಬೀದಿಯಲ್ಲಿ ನಡೆದರೆ ಹತ್ತಿ, ಮೆಕ್ಕೆಜೋಳ, ತರಕಾರಿ ಬೀಜದ ಅಂಗಡಿಗಳು ಒಂದರ ಮಗ್ಗುಲಿಗೆ ಒಂದು ನಿಂತಿವೆ. ಸುತ್ತಲಿನ ಹಳ್ಳಿಗಳಲ್ಲಿ ಸಂಕರಣದ ಬೀಜವನ್ನು ತಯಾರಿಸುವ ಕ್ರಮವನ್ನು ಒಬ್ಬ ರೈತರು ತಮ್ಮ ಹೊಲದಲ್ಲಿ ನಮಗೆ ವಿವರಿಸಿದರು. ಸಂಜೆ, ಮರುದಿನ ಅರಳಬೇಕಾದ ಮೊಗ್ಗನ್ನು ಬಿಡಿಸಿ ಅದರೊಳಗಿನ ಗಂಡುಭಾಗವನ್ನು ಚಿಮಟಿಗೆಯಿಂದ ತೆಗೆದುಬಿಡುತ್ತಾರೆ. ಬೆಳಗ್ಗೆ ಮತ್ತೊಂದು ತಳಿಯ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸುತ್ತಾರೆ. ಒಂದೊಂದು ಹೂವಿಗೂ ಎರಡು ಸಾರಿ ಮನುಷ್ಯನ ಕೈ. ಈ ಕೆಲಸ ಮಾಡುವವರು ಬಹುಪಾಲು ಹೆಂಗಸರು. ತರಕಾರಿ ಬೀಜದ ವ್ಯಾಪಾರದಲ್ಲಿ ಡಚ್ಚರು ಲೋಕಪ್ರಸಿದ್ಧರೆಂಬುದು ನನಗೆ ನೆನಪಾಗಿ, ಅದನ್ನು ಹೇಳಿದೆ. ಆ ರೈತರು, “ಗೊತ್ತೈತ್ರಿ ಸರ, ಅವರ ಟೊಮ್ಯಾಟಿ ಬೀಜಾನೂ ಇಲ್ಲಿ ಅಂಗಡ್ಯಾಗ ಸಿಗತಾವು” ಎಂದರು. ಹಾಲೆಂಡನ್ನು ತಿಳಿದವನು ನಾನೊಬ್ಬನೇ ಎಂಬ ಹೆಮ್ಮೆ ಅಲ್ಲಿಗೆ ಇಳಿಯಿತು.

ಊರಿನ ಬಳಿಯ ಕೃಷ್ಣಮೃಗ ಅಭಯಾರಣ್ಯವು 1974ರಲ್ಲಿ ಏರ್ಪಟ್ಟದ್ದು; ವಿಸ್ತಾರ 119 ಚದರ ಕಿಲೋಮೀಟರು. ಬೆಳಗಿನ ಜಾವದಲ್ಲಿ ಹೋದೆವು. ಕೃಷ್ಣಮೃಗವು ಬಯಲಿನ ಪ್ರಾಣಿ. ದೂರಕ್ಕೆ ಕಣ್ಣು ಹಾಯಿಸಿ, ಶತ್ರು ಕಂಡರೆ ಓಟದಿಂದ ಪ್ರಾಣ ಉಳಿಸಿಕೊಳ್ಳುವಂಥದು. ಅಂಥ ಪ್ರಾಣಿಯ ನೆಲದಲ್ಲಿ ಸಾಲುಸಾಲಾಗಿ ನೀಲಗಿರಿಯ ಮರಗಳನ್ನು ಬೆಳೆಸಿದ್ದಾರೆ. ಅರಣ್ಯವೆಂದರೆ ಮರಗಳಿರಲೇಬೇಕೆಂದು ಯಾರಿಗೋ ತೋರಿರಬೇಕು. ಹಿಂದೊಮ್ಮೆ ಇಲ್ಲಿ ಕಾಣಿಸುತ್ತಿದ್ದ ಎರೆಭೂತವೆಂಬ ದೊಡ್ಡ ಹಕ್ಕಿಯ ಸುದ್ದಿಯೇ ಈಗ ಇಲ್ಲ. ಜಿಂಕೆಗಳು ಮಾತ್ರ ಉಳಿದಿವೆ, ಬೆಳೆದೂ ಇವೆ. ರಾತ್ರಿ ಮೆಕ್ಕೆಜೋಳದ ಹೊಲಕ್ಕೆ ಬೀಳುತ್ತವೆಂದು ಸುತ್ತಲಿನ ರೈತರು ಗೊಣಗುತ್ತಾರೆ. ಆ ಗೊಣಗಾಟದಲ್ಲಿ ನ್ಯಾಯವಿದೆ. ಕಪ್ಪು ಬೆನ್ನಿನ, ತಿರುಪುಗೊಂಬಿನ ಒಂದು ಗಂಡು ದಾರಿಗೆ ಅಡ್ಡಲಾಗಿ ಹಾರಿ ಹೋಯಿತು. ಮಗನು ಆ ದಿನವೆಲ್ಲ ಭೂಪಟದ ಮಾತೆತ್ತಲಿಲ್ಲ.

ಸಂಜೆ ಚೌಡದಾನಪುರಕ್ಕೆ ಹೋದೆವು. ತುಂಗಭದ್ರೆಯ ದಡದಲ್ಲಿಯೇ ಮುಕ್ತೇಶ್ವರ ದೇವಾಲಯ. ಕಲ್ಯಾಣದ ಚಾಲುಕ್ಯರ ಕಾಲದ ಶೈಲಿ, ಒಂದೇ ಗರ್ಭಗುಡಿ, ಬುಡದಿಂದ ಶಿಖರದ ವರೆಗೆ ಹದವಾದ ಕೆತ್ತನೆ. ಶಿವದೇವನೆಂಬ ಶರಣನು 1225ರಲ್ಲಿ ಇಲ್ಲಿಗೆ ಬಂದನೆಂದು ಇಲ್ಲಿಯ ಶಾಸನಗಳಿಂದ ತಿಳಿಯುತ್ತದೆ. ಪ್ರೇಕ್ಷಕರು ನಾವೈವರೇ. ಡಚ್ಚರು ನೀರನ್ನು ಹೊರಗೆ ನೂಕುವುದರಲ್ಲಿ ತಲೆಮಾರುಗಳನ್ನು ಕಳೆದರು. ಈ ಕಡೆಯವರು ನೀರಿನ ಹಾದಿಯನ್ನು ನೋಡುವುದರಲ್ಲಿ ಕಳೆದರು. ತುಂಗಾ ಮೇಲ್ದಂಡೆಯ ಕಾಲುವೆ ಈಗ ಈ ಜಿಲ್ಲೆಗೆ ಬಂದಿದೆಯಾದರೂ ಮಳೆಯ ಮೇಲಿನ ಮಾತು ಯಾರ ಬಾಯಲ್ಲಿಯೂ ನಿಂತಿಲ್ಲ.

ಇನ್ನು ಬ್ಯಾಡಗಿ. ಊರು ಕಾಣುವ ಮೊದಲೇ ಊರಿನ ಘಾಟು ಮೂಗಿಗೆ ಬಂದಿತು. ನನ್ನ ಮನೆಯವರು ಸೆರಗನ್ನು ಮೂಗಿಗೆ ಹಿಡಿದರು, ಮಕ್ಕಳು ಸೀನತೊಡಗಿದರು. ತಾಯಿಯವರು ಮಾತ್ರ ದೀರ್ಘವಾಗಿ ಉಸಿರೆಳೆದರು.

ಬ್ಯಾಡಗಿ ಮೆಣಸಿನಕಾಯಿಯ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಉದ್ದಕ್ಕೆ ತೆಳ್ಳಗಿರುವುದು ಕಡ್ಡಿ, ಗಿಡ್ಡಗೆ ಉಬ್ಬಿರುವುದು ಡಬ್ಬಿ. ಮೈಯೆಲ್ಲ ಸುಕ್ಕು, ಕಡುಗೆಂಪು ಬಣ್ಣ, ಖಾರ ಕಡಮೆ. ಹುಳಿಗೂ ಸಾರಿಗೂ ಬಣ್ಣ ಕೊಟ್ಟು ನಾಲಗೆಯನ್ನು ಸುಡದಿರುವ ಈ ಗುಣವೇ ಇದರ ಬೆಲೆ. ಇದರ ತೈಲಸತ್ತ್ವವನ್ನು ತೆಗೆದು ತಿಂಡಿಗಳಿಗೂ ತುಟಿಗೆ ಹಚ್ಚುವ ಬಣ್ಣಕ್ಕೂ ಬಳಸುತ್ತಾರೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತು ದೊರೆಯಿತು. ಮೂಲದಲ್ಲಿ ಮೆಣಸಿನಕಾಯಿಯೇ ಈ ನೆಲದ್ದಲ್ಲ; ಅಮೆರಿಕ ಖಂಡದಿಂದ ಪೋರ್ತುಗೀಸರ ಕಾಲದಲ್ಲಿ ಹಡಗೇರಿ ಬಂದ ಬೆಳೆ. ಆದರೂ ಬಂದ ಊರಿನ ಹೆಸರನ್ನೇ ತನ್ನದು ಮಾಡಿಕೊಂಡಿತು. ಈಗ ವಿಪರ್ಯಾಸವೆಂದರೆ, ಬ್ಯಾಡಗಿಯ ಸುತ್ತಲಿನ ಹೊಲಗಳಲ್ಲಿ ಹೆಚ್ಚಾಗಿ ಕಾಣುವುದು ಮೆಕ್ಕೆಜೋಳ, ಹತ್ತಿ. ಮಾರುಕಟ್ಟೆಗೆ ಬರುವ ಕಾಯಿಯ ಬಹುಭಾಗ ಬಳ್ಳಾರಿ, ರಾಯಚೂರು, ಆಂಧ್ರಗಳಿಂದ ಬರತಕ್ಕದ್ದು. 2024ರ ಮಾರ್ಚ್ 11ರಂದು ಬೆಲೆ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಮಾರುಕಟ್ಟೆಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟ ಸುದ್ದಿಯನ್ನು ಎಲ್ಲರೂ ಓದಿರಬಹುದು. ನಾವು ಹೋದಾಗ ಸುಗ್ಗಿ ಮುಗಿದಿತ್ತು, ಅಂಗಳಗಳು ಬರಿದಾಗಿದ್ದುವು. ಟ್ಯೂಲಿಪ್ಪಿಗೆ ತಡವಾದಂತೆ ಮೆಣಸಿನಕಾಯಿಗೂ ತಡವಾಗಿಯೇ ಬಂದಿದ್ದೆವು.

ತಾಯಿಯವರ ತವರುಮನೆಯನ್ನು ಹುಡುಕಿದೆವು. ಅದನ್ನು ಅವರ ಅಣ್ಣಂದಿರು ಮಾರಿ ಬಹಳ ವರ್ಷಗಳಾಗಿದ್ದುವು. ಆ ಜಾಗದಲ್ಲಿ ತಗಡಿನ ಮಾಡಿನ ಒಂದು ಮೆಣಸಿನಕಾಯಿ ಗೋದಾಮು ನಿಂತಿತ್ತು. ಹಿತ್ತಿಲ ಬೇವಿನ ಮರ ಮಾತ್ರ ಉಳಿದಿತ್ತು; ಅದೇ ಮರ ಹೌದೋ ಅಲ್ಲವೋ ಎಂದು ತಾಯಿಯವರು ಸ್ವಲ್ಪ ಹೊತ್ತು ಅನುಮಾನಿಸಿದರು. ಒಳಗೆ ಹತ್ತು ಹನ್ನೆರಡು ಮಂದಿ ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೋಲ್ಡ್ ಸ್ಟೋರೇಜಿನಿಂದ ತಂದ ಕಾಯಿಯ ರಾಶಿಯ ಸುತ್ತ ಕುಳಿತು ತೊಟ್ಟು ಬಿಡಿಸುತ್ತಿದ್ದರು. ಒಬ್ಬಾಕೆ ತಲೆಯೆತ್ತಿ, “ಯಾರ ಪೈಕಿರೀ ಯವ್ವಾ ನೀವು?” ಎಂದು ಕೇಳಿದಳು.

“ಇದ ಊರಾಕಿ ನಾ. ಮೈಸೂರಿಗೆ ಕೊಟ್ಟಿದ್ರು ನನ್ನ.”

“ಹಂಗಾರ ನಮ್ಮಾಕಿನ ಬಿಡ್ರಿ. ಬರ್ರಿ, ಕೂಡ್ರಿ.”

ತಾಯಿಯವರು ಕುಳಿತರು. ಕುಳಿತವರು ಕೈಗೆ ಒಂದು ಕಾಯಿ ತೆಗೆದುಕೊಂಡು, “ತುಂಬು ಬಿಡಸಾಕ ಈಗ ಏನ ಕೊಡ್ತಾರವಾ?” ಎಂದು ಕೂಲಿಯ ವಿಚಾರಕ್ಕೆ ಕೈಹಾಕಿದರು. ಮುಕ್ಕಾಲು ಗಂಟೆ ಅವರನ್ನು ಎಬ್ಬಿಸಲಾಗಲಿಲ್ಲ. ನಾವು ನಾಲ್ವರು ಬಾಗಿಲಲ್ಲಿ ಸೀನುತ್ತ ನಿಂತಿದ್ದೆವು.

ಆಗ ನನಗೆ ನೆನಪಾದ ಒಂದು ಸಂಗತಿಯನ್ನು ಹೇಳಬೇಕು. ನಾನು ಒಂಬತ್ತು ವರ್ಷದವನಾಗಿದ್ದಾಗ ಶಾಲೆಯ ಗೆಳೆಯರು ಮನೆಗೆ ಬಂದಿದ್ದರು. ತಾಯಿಯವರು ಅಕ್ಕರೆಯಿಂದ “ಕೂಡ್ರಿ, ತಾಟ ತರತೀನಿ” ಎಂದರು. ಹುಡುಗರು ನಕ್ಕರು. ನಾನು ಅವರೆದುರಿಗೇ, “ಕೂಡ್ರಿ ಅಲ್ಲಮ್ಮ, ಕೂತುಕೊಳ್ಳಿ ಅನ್ನಬೇಕು, ತಾಟು ಅಲ್ಲ, ತಟ್ಟೆ” ಎಂದು ತಿದ್ದಿದೆ. ಅವರು ಏನೂ ಹೇಳಲಿಲ್ಲ. ಆ ದಿನದಿಂದ ನನ್ನೊಡನೆ ಮೈಸೂರಿನ ಮಾತನ್ನೇ ಆಡಿದರು. ಮುಂದೆ ಮೊಮ್ಮಕ್ಕಳೊಡನೆಯೂ ಅದನ್ನೇ ಆಡಿದರು. ಭಾಷೆಯನ್ನು ಕಲಿಸುವುದೇ ವೃತ್ತಿಯಾದವನು ಮೊದಲು ಪಾಠ ಹೇಳಿದ್ದು ಹೀಗೆ. ‘ತುಂಬು’ ಎಂದರೆ ತೊಟ್ಟು ಎಂಬುದು ನನಗೆ ನಿಘಂಟಿನಿಂದ ತಿಳಿದಿತ್ತು. ಮನೆಯಲ್ಲಿದ್ದವರ ಬಾಯಿಂದ ಕೇಳಿದ್ದು ನಲವತ್ತೇಳನೆಯ ವಯಸ್ಸಿನಲ್ಲಿ, ಬ್ಯಾಡಗಿಯ ಗೋದಾಮಿನಲ್ಲಿ.

ಬ್ಯಾಡಗಿಯಿಂದ ಹಾವೇರಿಗೆ ಹೋಗುವ ದಾರಿಯಲ್ಲಿ, ಹೆದ್ದಾರಿಯ ಮಗ್ಗುಲಿಗೆ, ಮೋಟೆಬೆನ್ನೂರು ಸಿಕ್ಕುತ್ತದೆ. ಅಲ್ಲಿ ತಾಯಿಯವರು ಕಾರನ್ನು ನಿಲ್ಲಿಸಿದರು. ಇದು ಮೈಲಾರ ಮಹದೇವಪ್ಪನವರ ಊರು. 1930ರಲ್ಲಿ ಗಾಂಧೀಜಿಯವರು ಉಪ್ಪಿನ ಸತ್ಯಾಗ್ರಹಕ್ಕಾಗಿ ಸಾಬರಮತಿಯಿಂದ ದಂಡಿಗೆ ನಡೆದಾಗ ಜೊತೆಗೆ ಹೊರಟ ತಂಡದಲ್ಲಿದ್ದ ಕನ್ನಡಿಗರು ಇವರೊಬ್ಬರೇ. ಆಗ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ, ಪೊಲೀಸರ ಗುಂಡಿಗೆ ಇಬ್ಬರು ಸಂಗಡಿಗರೊಡನೆ ಬಲಿಯಾದರು. ಇದನ್ನೆಲ್ಲ ತಾಯಿಯವರು ಚಿಕ್ಕಂದಿನಲ್ಲಿ ತಮ್ಮ ತಂದೆಯಿಂದ ಕೇಳಿದ್ದರು. ಪಕ್ಕದೂರಿನ ಹುಡುಗನೊಬ್ಬನ ಸುದ್ದಿಯಂತೆ ಮೊಮ್ಮಗನಿಗೆ ಹೇಳಿದರು. ಅವನು ಕೇಳುತ್ತ ಕೇಳುತ್ತ, “ಅಪ್ಪ, ಕಟ್ಟೆಗೆ ಬೆರಳಿಟ್ಟ ಹುಡುಗನ ಹೆಸರೇನು?” ಎಂದನು. ನಿಜವನ್ನು ಹೇಳಲೇಬೇಕಾಯಿತು. ಅಂಥ ಹುಡುಗನಿರಲಿಲ್ಲ. 1865ರಲ್ಲಿ ಅಮೆರಿಕದ ಲೇಖಕಿಯೊಬ್ಬರು ತಮ್ಮ ಕಾದಂಬರಿಯಲ್ಲಿ ಸೇರಿಸಿದ ಕಥೆಯಿಂದ ಅವನು ಹೆಸರಾದನು. “ಮತ್ತೆ ನೀವು ಅದನ್ನು ಹೇಳಿದಿರಿ, ಇದನ್ನು ಹೇಳಲಿಲ್ಲ?” ಎಂದು ಕೇಳಿದನು. ನಮ್ಮ ಮನೆಯವರು ಕಿಟಕಿಯ ಕಡೆಗೆ ತಿರುಗಿ ನಕ್ಕರು.

ಹಾವೇರಿಯು 1997ರಿಂದ ಜಿಲ್ಲೆಯ ಮುಖ್ಯ ಪಟ್ಟಣ. ಸಿದ್ಧೇಶ್ವರ ದೇವಾಲಯವನ್ನು ನೋಡಿದೆವು. ಬಳಪದ ಕಲ್ಲಿನ ಚಾಲುಕ್ಯ ಗುಡಿ, ವಾಡಿಕೆಗೆ ವಿರುದ್ಧವಾಗಿ ಪಶ್ಚಿಮಕ್ಕೆ ಮುಖ ಮಾಡಿದೆ. ಸಂಜೆಯ ಬಿಸಿಲಿನಲ್ಲಿ ಹೋದರೆ ಅದರ ಚೆಲುವು ತಿಳಿಯುತ್ತದೆ. ಮತ್ತೊಂದು ಏಲಕ್ಕಿಯ ಹಾರ. ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಹಿಂದೆ ಮಲೆನಾಡಿನ ಏಲಕ್ಕಿಯನ್ನು ಇಲ್ಲಿಗೆ ತಂದು, ಇಲ್ಲಿಯ ಬಾವಿಯ ನೀರಿನಲ್ಲಿ ತೊಳೆದು ಬಿಳುಪು ಮಾಡಿ ಮಾರುತ್ತಿದ್ದರು. ಆ ವ್ಯಾಪಾರ ಹೋಯಿತು. ಹಾರ ಕಟ್ಟುವ ಕೈಗಳು ಉಳಿದುವು. ಪಟವೇಗಾರ ಮನೆತನದ ಮುಸಲ್ಮಾನರು ತಲೆಮಾರುಗಳಿಂದ ಈ ಕೆಲಸದಲ್ಲಿದ್ದಾರೆ. 2023ರ ಜನವರಿಯಲ್ಲಿ ಸಾಹಿತ್ಯ ಸಮ್ಮೇಳನ ಇಲ್ಲಿ ನೆರೆದಾಗ ಆ ಹಾರಗಳು ಅನೇಕರ ಕೊರಳಿಗೆ ಬಿದ್ದುವು.

ತಾಯಿಯವರು ಒಂದೆಳೆಯ ಸಣ್ಣ ಹಾರವನ್ನು ಕೊಂಡರು. ತಂದೆಯವರ ಪಟಕ್ಕೆಂದರು. ಮದುವೆಯಾದ ಹೊಸದರಲ್ಲಿ ಅವರು ಇಂಥದೊಂದನ್ನು ಕೊಡಿಸುತ್ತೇನೆಂದು ಹೇಳಿ ಮರೆತಿದ್ದರಂತೆ.

ರಾತ್ರಿಯ ಗಾಡಿಗೆ ಹಾವೇರಿಯಲ್ಲಿ ಹತ್ತಿದೆವು. ಮಕ್ಕಳು ಮಲಗಿದರು. ಬ್ಯಾಡಗಿಯಲ್ಲಿ ಗಾಡಿ ಒಂದು ನಿಮಿಷ ನಿಂತಿತು; ತಾಯಿಯವರು ಎದ್ದು ಕುಳಿತೇ ಇದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. “ಕೂಡ್ರು” ಎಂದರು. ಕುಳಿತೆ.