ದೆಹಲಿಯಿಂದ ಲಾಹೋರಿಗೆ ಎಷ್ಟು ದೂರ?

ನಮ್ಮ ಹಿರಿಯರು ದೂರವನ್ನು ಹರದಾರಿಯಲ್ಲಿ, ಗಾವುದದಲ್ಲಿ ಅಳೆಯುತ್ತಿದ್ದರು. ತೀರ ಹತ್ತಿರವಾದರೆ ಕೂಗಳತೆ. ಅಳತೆಗೋಲು ಮನುಷ್ಯನ ಕಾಲಿನಲ್ಲಿ, ಕೊರಳಿನಲ್ಲಿಯೇ ಇದ್ದಿತು. ವಿಮಾನ ಬಂದ ಮೇಲೆ ಈ ಮಾತುಗಳು ನಿಘಂಟಿನೊಳಗೆ ಸೇರಿದವು. ಈಗ ಯಾವ ಊರು ಎಷ್ಟು ದೂರವೆಂದು ಕೇಳಿದರೂ ಉತ್ತರ ಬರುವುದು ತಾಸಿನ ಲೆಕ್ಕದಲ್ಲಿ.

ಈ ಲೆಕ್ಕ ಹಿಡಿದು ಈಚೆಗೆ ಒಂದು ಸಂಜೆ ಭೂಪಟದ ಮುಂದೆ ಕುಳಿತೆ. ದೆಹಲಿಯ ವಿಮಾನ ನಿಲ್ದಾಣದಿಂದ ಲಾಹೋರಿನ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 420 ಕಿಲೋಮೀಟರು. ನಾವು ಬೆಂಗಳೂರಿನಿಂದ ಹುಬ್ಬಳ್ಳಿಗೆ ರಸ್ತೆಯಲ್ಲಿ ಹೋಗುವಷ್ಟು. ವಿಮಾನಕ್ಕೆ ಒಂದು ತಾಸಿನ ದಾರಿ. ಕುಳಿತು ಒಂದು ಲೋಟ ಕಾಫಿ ಕುಡಿಯುವುದರೊಳಗೆ ಇಳಿಯುವ ಹೊತ್ತಾಗುತ್ತದೆ. ಆದರೆ ನೇರ ವಿಮಾನವಿಲ್ಲದ ದಿನಗಳಲ್ಲಿ ಹೋಗಲೇಬೇಕಾದವರು ದುಬೈ ಸುತ್ತಿ ಹೋಗಿದ್ದಾರೆ. ದೆಹಲಿಯಿಂದ ದುಬೈಗೆ ಸುಮಾರು 2,190 ಕಿಲೋಮೀಟರು, ಅಲ್ಲಿಂದ ಲಾಹೋರಿಗೆ ಸುಮಾರು 1,990. ಕೂಡಿಸಿ ನೋಡಿ, ಹತ್ತು ಪಟ್ಟು! ಆಕಾಶದಲ್ಲಿಯೇ ಆರೇಳು ತಾಸು. ನಡುವೆ ಕಾಯುವ ಹೊತ್ತು ಬೇರೆ. ವಾಯವ್ಯದ ನೆರೆಮನೆಗೆ ಹೋಗಲು ಪಶ್ಚಿಮದ ಕಡಲನ್ನು ಎರಡು ಸಲ ದಾಟಬೇಕು.

ಈ ಬಾಗಿಲು ಮುಚ್ಚಿದ್ದು ಒಂದೇ ಸಲವಲ್ಲ. 1971ರ ಜನವರಿಯಲ್ಲಿ ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ‘ಗಂಗಾ’ ಎಂಬ ವಿಮಾನವನ್ನು ಅಪಹರಿಸಿ ಲಾಹೋರಿಗೆ ಒಯ್ದರು, ಅಲ್ಲಿ ಸುಟ್ಟರು. ಭಾರತ ತನ್ನ ಆಕಾಶವನ್ನು ಪಾಕಿಸ್ತಾನದ ವಿಮಾನಗಳಿಗೆ ನಿಷೇಧಿಸಿತು. ಢಾಕಾಕ್ಕೆ ಹೋಗುವ ಅವರ ವಿಮಾನಗಳು ಕೊಲಂಬೊ ಸುತ್ತತೊಡಗಿದವು. ವರ್ಷದ ಕೊನೆಗೆ ಯುದ್ಧವೇ ಆಯಿತು. ಸಂಚಾರ ಮರಳಿದ್ದು 1976ರಲ್ಲಿ. ನಮ್ಮ ಸಂಸತ್ತಿನ ಮೇಲೆ ದಾಳಿ ನಡೆದ ಮೇಲೆ, 2002ರ ಜನವರಿ 1ರಿಂದ ಎರಡು ವರ್ಷ ಮತ್ತೆ ನಿಂತಿತು. ಪಹಲ್ಗಾಮಿನ ಹತ್ಯಾಕಾಂಡದ ನಂತರ, 2025ರ ಏಪ್ರಿಲಿನಲ್ಲಿ, ಒಬ್ಬರ ಆಕಾಶ ಇನ್ನೊಬ್ಬರ ವಿಮಾನಗಳಿಗೆ ಮತ್ತೊಮ್ಮೆ ಮುಚ್ಚಿತು. ಕಾರಣಗಳು ಸಣ್ಣವಲ್ಲ. ಸತ್ತವರ ಮನೆಯಂಗಳದಲ್ಲಿ ನಿಂತು ‘ಬಾಗಿಲು ತೆರೆಯಿರಿ’ ಎನ್ನುವ ಧೈರ್ಯ ನನಗಂತೂ ಇಲ್ಲ.

ಆದರೂ 2003ರ ಜುಲೈ ತಿಂಗಳು ನನ್ನ ನೆನಪಿನಿಂದ ಸರಿದಿಲ್ಲ. ವಿಮಾನಗಳು ನಿಂತಿದ್ದ ಕಾಲ. ಹೃದಯದಲ್ಲಿ ರಂಧ್ರಗಳಿದ್ದ, ಲಾಹೋರಿನ ಪುಟ್ಟ ಹೆಣ್ಣುಮಗುವೊಂದು ಚಿಕಿತ್ಸೆಗಾಗಿ ನಮ್ಮ ಬೆಂಗಳೂರಿಗೆ ಬರಬೇಕಾಗಿತ್ತು. ಒಂದೂವರೆ ವರ್ಷ ನಿಂತಿದ್ದ ಲಾಹೋರ್–ದೆಹಲಿ ಬಸ್ಸು ಜುಲೈ 11ರಂದು ಮತ್ತೆ ಹೊರಟಿತು. ಆ ಮಗು ತಂದೆತಾಯಿಯರೊಡನೆ ಅದರಲ್ಲಿ ಬಂದಿತು. ಆಕಾಶದಲ್ಲಿ ಒಂದು ತಾಸಿನ ದಾರಿಯನ್ನು ಆ ಎಳೆಯ ಹೃದಯ ಹಗಲೆಲ್ಲ ನೆಲದ ಮೇಲೆ ಸವೆಸಬೇಕಾಯಿತು.

ಪತ್ರಿಕೆಯಲ್ಲಿ ಬಂದಿದ್ದ ಆ ಮಗುವಿನ ಚಿತ್ರವನ್ನು ನನ್ನ ಮನೆಯಾಕೆ ಕತ್ತರಿಸಿ ದೇವರ ಗೂಡಿನಲ್ಲಿ ಇಟ್ಟಿದ್ದಳು. ನಮ್ಮ ಮಗಳಿಗೂ ಆಗ ಮೂರು ವರ್ಷ. “ಯಾವ ಊರಿನ ಮಗುವೆಂದು ನಿನ್ನ ದೇವರಿಗೆ ಗೊತ್ತೇನೆ?” ಎಂದು ನಾನು ಹಾಸ್ಯಕ್ಕೆ ಕೇಳಿದೆ. “ಅಷ್ಟು ದೂರ ಬಸ್ಸಿನಲ್ಲಿ ಕೂತು ಬಂದಿದೆಯಂತೆ ರೀ” ಎಂದಳು, ನನ್ನ ಮಾತು ಕೇಳಿಸದವಳಂತೆ.

ಶಸ್ತ್ರಚಿಕಿತ್ಸೆ ಫಲಿಸಿತೆಂಬ ಸುದ್ದಿ ಬಂದ ದಿನ ಚಿತ್ರವನ್ನು ಗೂಡಿನಿಂದ ತೆಗೆದು, ಮಗಳ ಹುಟ್ಟುಹಬ್ಬದ ಭಾವಚಿತ್ರಗಳಿದ್ದ ಆಲ್ಬಮ್ಮಿನಲ್ಲಿ ಅಂಟಿಸಿದಳು. ಕಾಗದ ಹಳದಿಯಾಗಿದೆ, ಈಗಲೂ ಅಲ್ಲಿಯೇ ಇದೆ.