ಅಟ್ಟದ ಟ್ರಂಕಿನ ಅಂಚೆಚೀಟಿಗೆ ಪ್ರಮಾಣಪತ್ರ ಬೇಕೆ?

(ಉಪನ್ಯಾಸದ ಬರಹರೂಪ)



ಕಾರವಾರ, ಅಂಕೋಲೆಗಳ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕು ತೆರೆದಾಗ ಹಳೆಯ ಕಾಗದಪತ್ರಗಳು ಸಿಗುವುದು ಅಪರೂಪವೇನಲ್ಲ. ಲಕೋಟೆಯ ಮೂಲೆಯಲ್ಲಿ ವಿಕ್ಟೋರಿಯಾ ರಾಣಿ, ಐದನೇ ಜಾರ್ಜ್ ಅಥವಾ ಗಾಂಧೀಜಿಯವರ ಚಿತ್ರ. 'ಇದಕ್ಕೆ ಲಕ್ಷ ಬೆಲೆ' ಎಂದು ಒಬ್ಬರು, 'ಬರೀ ರದ್ದಿ' ಎಂದು ಇನ್ನೊಬ್ಬರು. ಆಗ ಮನೆಯವರನ್ನು ಕಾಡುವ ಪ್ರಶ್ನೆ ಒಂದೇ: ಪರಿಣತರಿಗೆ ತೋರಿಸಿ ಪ್ರಮಾಣಪತ್ರ ಪಡೆಯಬೇಕೆ, ಅಥವಾ ಆ ಖರ್ಚೂ ದಂಡವೇ?

ಮೊದಲು ಪ್ರಮಾಣಪತ್ರ ಎಂದರೇನೆಂದು ತಿಳಿಯಬೇಕು. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿ 1894ರಿಂದ ಈ ಕೆಲಸ ಮಾಡುತ್ತಿದೆ. ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್ ಸ್ಥಾಪನೆಯಾದದ್ದು 1945ರಲ್ಲಿ. ಇಂಥ ಕಡೆ ತಜ್ಞರು ಕಾಗದ, ಮುದ್ರಣ, ಗೋಂದು, ಅಂಚಿನ ರಂಧ್ರ, ಅಂಚೆಯ ಠಸ್ಸೆ ಇವನ್ನೆಲ್ಲ ಪರೀಕ್ಷಿಸಿ, ಅಸಲಿ ಮಾದರಿಗಳೊಂದಿಗೆ ಹೋಲಿಸುತ್ತಾರೆ. ಬಳಿಕ ಚೀಟಿಯ ಛಾಯಾಚಿತ್ರದೊಂದಿಗೆ ತಮ್ಮ ಅಭಿಪ್ರಾಯವನ್ನು ಬರೆದುಕೊಡುತ್ತಾರೆ. ಅಸಲಿಯೋ ನಕಲಿಯೋ, ದುರಸ್ತಿಯಾಗಿದೆಯೋ ಎಂಬುದು ಅದರಲ್ಲಿರುತ್ತದೆ. ಬೆಲೆ ಎಷ್ಟೆಂಬುದು ಇರುವುದಿಲ್ಲ. ಚೀಟಿ ನಕಲಿ ಎಂದು ತೀರ್ಮಾನವಾದರೂ ಶುಲ್ಕವನ್ನು ಸಾಮಾನ್ಯವಾಗಿ ತೆರಲೇಬೇಕು.

ಇದರ ಅಗತ್ಯ ಎಲ್ಲಿದೆ ಎಂಬುದಕ್ಕೆ ಗಾಂಧೀಜಿಯವರ ಅಂಚೆಚೀಟಿಯೇ ಒಳ್ಳೆಯ ಉದಾಹರಣೆ. 1948ರ ಆಗಸ್ಟ್ 15ರಂದು ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ ಮತ್ತು ಹತ್ತು ರೂಪಾಯಿಗಳ ನಾಲ್ಕು ಚೀಟಿಗಳು ಹೊರಬಂದವು. ಸ್ವಿಟ್ಜರ್ಲೆಂಡಿನ ಕೂರ್ವಾಸಿಯೆ ಸಂಸ್ಥೆಯಲ್ಲಿ ಮುದ್ರಣವಾದವು ಅವು. ಗವರ್ನರ್ ಜನರಲ್ ಅವರ ಕಚೇರಿಯ ಬಳಕೆಗಾಗಿ ಸುಮಾರು ನೂರು ಸೆಟ್ಟುಗಳ ಮೇಲೆ ಮಾತ್ರ 'ಸರ್ವಿಸ್' ಎಂಬ ಇಂಗ್ಲಿಷ್ ಪದವನ್ನು ಅಚ್ಚೊತ್ತಲಾಯಿತು. ಆ ಹತ್ತು ರೂಪಾಯಿಯ ನಾಲ್ಕು ಚೀಟಿಗಳ ಒಂದು ಪಟ್ಟಿ 2017ರಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾಯಿತು.

ಮೋಸಕ್ಕೆ ದಾರಿಯಾದದ್ದೂ ಇಲ್ಲೇ. ಅಸಲಿ ಹತ್ತು ರೂಪಾಯಿಯ ಚೀಟಿಯ ಮೇಲೆ ನಕಲಿ 'ಸರ್ವಿಸ್' ಪದ ಒತ್ತಿದರೆ ಸಾಕು. ಚೀಟಿ ನಿಜ, ಅಕ್ಷರ ಸುಳ್ಳು. ಬರಿಗಣ್ಣಿಗೆ ಇದು ತಿಳಿಯದು. ಒಂದು ಪದದ ಮೇಲೆ ಇಷ್ಟು ಹಣ ನಿಂತಿರುವಲ್ಲಿ ತಜ್ಞರ ಪ್ರಮಾಣಪತ್ರವಿಲ್ಲದೆ ಕೊಳ್ಳುವುದೂ ತಪ್ಪು, ಮಾರುವುದೂ ಕಷ್ಟ. ಆದರೆ ಅದೇ ಸರಣಿಯ ಬಳಸಿದ ಒಂದೂವರೆ ಆಣೆಯ ಚೀಟಿ ಸಾಮಾನ್ಯ ವಸ್ತು. ಅದರ ಬೆಲೆಗಿಂತ ಪರೀಕ್ಷೆಯ ಶುಲ್ಕವೇ ಎಷ್ಟೋ ಪಟ್ಟು ಹೆಚ್ಚು.

ಕಾರವಾರಕ್ಕೆ ಹತ್ತಿರದ ಇನ್ನೊಂದು ಉದಾಹರಣೆ ಗೋವೆಯದು. ಗಡಿಯಾಚೆಯ ಪೋರ್ಚುಗೀಸ್ ಆಡಳಿತ 1871ರಿಂದ ತನ್ನದೇ ಅಂಚೆಚೀಟಿಗಳನ್ನು ಹೊರಡಿಸಿತು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯೊಂದಿಗೆ ಆ ಅಧ್ಯಾಯ ಮುಗಿಯಿತು. ನೆಂಟಸ್ತಿಕೆ, ವ್ಯಾಪಾರಗಳ ಮೂಲಕ ಇಂಥ ಚೀಟಿಗಳು ಈ ಕಡೆಯ ಮನೆಗಳಿಗೂ ಬಂದಿರಬಹುದು. ಕೊನೆಯ ವರ್ಷಗಳ ಚೀಟಿಗಳಿಗೆ ಪರೀಕ್ಷೆ ಅನಗತ್ಯ. ಸ್ಥಳೀಯವಾಗಿಯೇ ಒರಟಾಗಿ ಅಚ್ಚಾದ 1871ರ ಆಸುಪಾಸಿನವಾದರೆ ಮಾತು ಬೇರೆ. ಅವುಗಳಲ್ಲಿ ಬಗೆಗಳೂ ಹಲವು, ನಕಲುಗಳೂ ಹಲವು.

ಅಂಕೋಲೆಯ ಮನೆಗಳ ಮಟ್ಟಿಗೆ ಒಂದು ಎಚ್ಚರಿಕೆ ಅವಶ್ಯ. 1930ರ ಉಪ್ಪಿನ ಸತ್ಯಾಗ್ರಹ ಮತ್ತು ಆ ಬಳಿಕದ ಕರನಿರಾಕರಣೆಯಲ್ಲಿ ಇಲ್ಲಿನ ಅನೇಕರು ಸೆರೆಮನೆ ಕಂಡರು. ಅವರಲ್ಲಿ ಯಾರಾದರೂ ಜೈಲಿನಿಂದ ಬರೆದ ಕಾಗದ ಉಳಿದಿದ್ದರೆ, ಅದರ ಮೇಲಿನ ಐದನೇ ಜಾರ್ಜ್ ಚೀಟಿ ತೀರ ಸಾಮಾನ್ಯ. ಬೆಲೆಯಿರುವುದು ಜೈಲಿನ ಮುದ್ರೆಗೆ, ಊರಿನ ಠಸ್ಸೆಗೆ, ಒಟ್ಟು ಲಕೋಟೆಗೆ. ಅಂದವಾಗಿ ಅಂಟಿಸಲೆಂದು ಚೀಟಿಯನ್ನಷ್ಟೇ ಕತ್ತರಿಸಿ ತೆಗೆದರೆ ಇತಿಹಾಸವನ್ನೇ ಕತ್ತರಿಸಿದಂತೆ. ಆಮೇಲೆ ಯಾವ ಪ್ರಮಾಣಪತ್ರವೂ ಅದನ್ನು ಜೋಡಿಸಲಾರದು.

ಹಾಗಾದರೆ ನಿರ್ಧಾರ ಹೇಗೆ? ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಇದು ನಕಲಿ ಮಾಡುವಷ್ಟು ಬೆಲೆಬಾಳುವ ಚೀಟಿಯೇ? ಅಸಲಿಗೂ ನಕಲಿಗೂ ಇರುವ ಬೆಲೆಯ ಅಂತರ ಶುಲ್ಕ, ಅಂಚೆ, ವಿಮೆಗಳ ಖರ್ಚನ್ನು ಮೀರುತ್ತದೆಯೇ? ಮಾರುವ, ವಿಮೆ ಮಾಡಿಸುವ ಅಥವಾ ಪಾಲು ಹಂಚುವ ಉದ್ದೇಶವಿದೆಯೇ? ಮೂರಕ್ಕೂ 'ಹೌದು' ಎಂದಾದರೆ ಮಾತ್ರ ಪ್ರಮಾಣಪತ್ರ. ಅದಕ್ಕೂ ಮುಂಚೆ ಕ್ಯಾಟಲಾಗ್ ನೋಡುವುದು, ಅನುಭವಿ ಸಂಗ್ರಾಹಕರಿಗೆ ತೋರಿಸುವುದು ಕಡಿಮೆ ಖರ್ಚಿನ ದಾರಿ. ನೂರು ವರ್ಷ ದಾಟಿದ ವಸ್ತುವನ್ನು ಹೊರದೇಶಕ್ಕೆ ಕಳಿಸುವುದಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯ ನಿಯಮಗಳನ್ನು ಮೊದಲೇ ವಿಚಾರಿಸಬೇಕು.

ಕರಾವಳಿಯ ಮಳೆಗಾಲ ಮಾತ್ರ ಯಾವ ನಿರ್ಧಾರಕ್ಕೂ ಕಾಯುವುದಿಲ್ಲ. ತೇವಕ್ಕೆ ಗೋಂದು ಅಂಟುತ್ತದೆ, ಕಂದು ಕಲೆ ಏಳುತ್ತದೆ. ಕಲೆಬಿದ್ದ ಚೀಟಿಯ ಬೆಲೆ ಪ್ರಮಾಣಪತ್ರದಿಂದ ಏರುವುದಿಲ್ಲ. ಹಾಗಾಗಿ ಮೊದಲ ಖರ್ಚು ಒಣ ಡಬ್ಬಿಗೆ, ಒಳ್ಳೆಯ ಆಲ್ಬಮಿಗೆ ಆಗಲಿ. ಇನ್ನು ಅಜ್ಜ ಸೆರೆಮನೆಯಿಂದ ಬರೆದ ಕಾಗದವನ್ನು ಮೊಮ್ಮಕ್ಕಳು ಓದಲು, ಅದನ್ನು ಅಸಲಿ ಎಂದು ಲಂಡನ್ನಿನವರು ಹೇಳಬೇಕಾಗಿಲ್ಲ.